ನೆಲದ ಮೇಲೆ ಮಲಗಿದ ಆರನೆಯ ಕೋಳಿ

ಪರೀಕ್ಷೆಯ ತಟ್ಟೆಯ ಎಂಟು ಗುಂಡಿಗಳಲ್ಲಿ ಏಳು ನೀರಿನಂತೆ ತಿಳಿಯಾಗಿದ್ದವು. ಆರನೆಯದು ಮಾತ್ರ ಹಳದಿಗೆ ತಿರುಗಿತ್ತು.

ಡಾಕ್ಟರಮ್ಮ ಕನ್ನಡಕ ತೆಗೆದು ಬಿಳಿಯಂಗಿಯ ತುದಿಗೆ ಒರೆಸಿ ಮತ್ತೆ ನೋಡಿದಳು. ಹಳದಿಯೇ! ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೂ ಹಳದಿ.

ಕೆರೆಯ ದಂಡೆಯ ಆ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಇದ್ದದ್ದು ಎರಡು ಕೋಣೆ, ಒಂದು ಜಗಲಿ, ಒಂದು ಜೀಪು ಮತ್ತು ಎಂಟು ಕಂದು ಕೋಳಿಗಳು. ಕೋಳಿಗಳೇ ಅಲ್ಲಿನ ಕಾವಲುಗಾರರು. ದೂರದೇಶದ ಹಕ್ಕಿಗಳು ಆ ಕೆರೆಗೆ ಇಳಿಯುತ್ತವೆ. ಅವುಗಳ ಜೊತೆ ಹಕ್ಕಿಜ್ವರ ಬಂದರೆ ಮೊದಲು ತಗಲುವುದು ಕೋಳಿಗೆ, ಆಮೇಲೆ ಮನುಷ್ಯರಿಗೆ. ಅದಕ್ಕೇ ಯಾವ ಚುಚ್ಚುಮದ್ದನ್ನೂ ಕಾಣದ ನಾಟಿ ಕೋಳಿಗಳನ್ನು ಆರಿಸಿ ನೀರಿನ ಬದಿಗೆ ಬಲೆಮನೆ ಕಟ್ಟಿ ಸಾಕಿದ್ದರು. ತಿಂಗಳಿಗೊಮ್ಮೆ ರೆಕ್ಕೆಯ ನರದಿಂದ ರಕ್ತ ತೆಗೆದು, ಒಂದೊಂದು ಕೋಳಿಯದನ್ನು ತಟ್ಟೆಯ ಒಂದೊಂದು ಗುಂಡಿಗೆ ಹಾಕಿ ಪರೀಕ್ಷಿಸುವುದು. ಜ್ವರದ ವಿರುದ್ಧ ಮೈ ಸೆಣಸಿದ ಗುರುತು ರಕ್ತದಲ್ಲಿದ್ದರೆ ಗುಂಡಿ ಹಳದಿಯಾಗುತ್ತದೆ. ಇಷ್ಟು ವರ್ಷ ಒಂದೂ ಆಗಿರಲಿಲ್ಲ.

"ಇನ್ನೊಂದು ಸಲ ಮಾಡಿ ನೋಡಿ," ಎಂದರು ದೊಡ್ಡ ಡಾಕ್ಟರು. ಕೇಂದ್ರದ ಮುಖ್ಯಸ್ಥರು ಅವರು. ನಕ್ಕದ್ದನ್ನು ಕಂಡವರು ಯಾರೂ ಇಲ್ಲ.

"ಮಾಡಿದೆ ಸಾರ್. ಮತ್ತೂ ಮಾಡಿದೆ."

"ಗಂಟಲ ದ್ರವ ಕಳಿಸಿದ್ರೆ?"

"ಪೇಟೆಯಿಂದ ಉತ್ತರ ಬರೋಕೆ ವಾರ ಹಿಡಿಯುತ್ತೆ."

ದೊಡ್ಡ ಡಾಕ್ಟರು ನಿಟ್ಟುಸಿರು ಬಿಟ್ಟು ಫೋನಿನತ್ತ ಕೈ ಚಾಚಿದರು. "ಅಷ್ಟು ಕಾಯೋ ಹಾಗಿಲ್ಲ. ಮನುಷ್ಯರ ಜೀವದ ಪ್ರಶ್ನೆ. ನಾಳೆ ಬೆಳಿಗ್ಗೆ ತಂಡ ಬರುತ್ತೆ."

ತಂಡ ಬಂದರೆ ಏನಾಗುತ್ತದೆಂದು ಕೆರೆಯ ಸುತ್ತಿನವರಿಗೆಲ್ಲ ಗೊತ್ತಿತ್ತು. ರೆಕ್ಕೆಯಿದ್ದದ್ದು ಯಾವುದೂ ಉಳಿಯುವುದಿಲ್ಲ.

ಗೇಟಿನ ಬಳಿ ಬುಟ್ಟಿಯೊಂದು ದೊಪ್ಪನೆ ಬಿತ್ತು. ಬಾತಿನ ಚಿಕ್ಕಮ್ಮ! ಅವಳು ಯಾರಿಗೆ ಚಿಕ್ಕಮ್ಮನೋ, ಊರಿಗೆಲ್ಲ ಚಿಕ್ಕಮ್ಮ. ಕೆರೆಯ ತುಂಬ ಅವಳ ಬಾತುಗಳು. ದಿನಾ ಬೆಳಿಗ್ಗೆ ಕೇಂದ್ರದ ಕೋಳಿಗಳಿಗೆ ಒಂದು ಹಿಡಿ ನುಚ್ಚು ತಂದು ಸುರಿದು, ತನ್ನ ಬಾತುಗಳನ್ನು ಬಾಯಿತುಂಬ ಬೈದು ಹೋಗುವುದು ಅವಳ ರೂಢಿ. "ದಂಡಪಿಂಡಗಳು! ಇಟ್ಟ ಮೊಟ್ಟೆ ಇಟ್ಟಲ್ಲೇ ಮರೀತಾವೆ. ಕಾವಿಗೆ ಕೂರೋ ಬುದ್ಧಿ ಒಂದಕ್ಕೂ ಇಲ್ಲ!" ಎಂದು ಬೈದರೂ, ಸಂಜೆ ಅವೇ ಬಾತುಗಳನ್ನು 'ಬನ್ರೇ ನನ್ನ ದೊರೆಸಾನಿಯರಾ' ಎಂದು ಕರೆದರೆ ಇಡೀ ಕೆರೆ ಅವಳ ಕಡೆಗೆ ಈಜುತ್ತಿತ್ತು.

"ನನ್ನವೂನಾ?" ಎಂದಳು. ಬೇರೇನೂ ಕೇಳಲಿಲ್ಲ.

ಡಾಕ್ಟರಮ್ಮ ಗೇಟಿನ ಬಳಿ ಬಂದಳು. "ಸಂಜೆವರೆಗೆ ಸಮಯ ಕೊಡಿ ಚಿಕ್ಕಮ್ಮ," ಎಂದಳು, ಅದರಿಂದ ಏನು ಮಾಡುವೆನೆಂದು ತನಗೇ ಗೊತ್ತಿಲ್ಲದೆ.

ಒಂದು ಸಂಗತಿ ಅವಳನ್ನು ಕೊರೆಯುತ್ತಿತ್ತು. ಎಂಟೂ ಕೋಳಿಗಳು ಒಂದೇ ತೊಟ್ಟಿಯ ನೀರು ಕುಡಿಯುತ್ತವೆ, ಒಂದೇ ತಟ್ಟೆಯಲ್ಲಿ ಕುಕ್ಕುತ್ತವೆ. ಹಾಗಿದ್ದೂ ಜ್ವರ ಒಂದಕ್ಕೇ ಏಕೆ? ಅದೂ ಸಾಯದೆ ಕೂತಿದೆ ಏಕೆ?

ಕೋಳಿಗಳಿಗೆ ಮೇವು ಹಾಕಿ ಮೊಟ್ಟೆ ಆಯುತ್ತಿದ್ದವನು ಕೇಂದ್ರದ ಅಡುಗೆಯವನು. ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು.

"ಮಾವ, ಆರನೆಯದು ಹೇಗಿತ್ತು ಇತ್ತೀಚೆಗೆ?"

"ಹುಷಾರಿಲ್ಲ ಅಂತ ನಾನು ಅವತ್ತೇ ಅಂದ್ಕೊಂಡೆ. ಬೇರೆವೆಲ್ಲ ಸಂಜೆಯಾದ್ರೆ ಅಡ್ಡ ಕಟ್ಟಿರೋ ಗಳದ ಮೇಲೆ ಹತ್ತಿ ಕೂರ್ತವೆ. ಇದು ನೆಲದ ಮೇಲೇ ಬಿದ್ಕೊಳ್ಳುತ್ತೆ."

ದೊಡ್ಡ ಡಾಕ್ಟರು ತಲೆಯಾಡಿಸಿದರು. "ನಿಶ್ಶಕ್ತಿ. ರೋಗದ ಲಕ್ಷಣ."

"ಮೇವು ತಿನ್ನುತ್ತಾ?"

"ಓಹೋ! ಎರಡು ಕೋಳಿದು ತಿನ್ನುತ್ತೆ. ದಿನಾ ಮೊಟ್ಟೇನೂ ಇಡುತ್ತೆ."

"ಮೊದಲಿಂದಾನೂ ಹೀಗೇನಾ?"

"ಇಲ್ಲ ಇಲ್ಲ. ಹೋದ ಸಲ ನೀವು ರಕ್ತ ತೆಗೆದ್ರಲ್ಲ, ಆವಾಗ ಮಹಾ ಸಿಡುಕಿ. ಗೂಡಿಂದ ಏಳ್ತಾನೇ ಇರ್ಲಿಲ್ಲ. ಕೈ ಹಾಕಿದ್ರೆ ಮೈ ಉಬ್ಬಿಸಿ ಕುಕ್ಕೋದು, ನೋಡಿ ಗಾಯ. ಆಮೇಲೆ ಒಂದಿನ ಇದ್ದಕ್ಕಿದ್ದಂಗೆ ಸಾಧುವಾಗಿಬಿಡ್ತು."

"ನಿಮಗೇನೂ ಅನುಮಾನ ಬರಲಿಲ್ವಾ?"

"ಕೋಳಿ ಮುಖ ನೋಡ್ಕೊಂಡು ಕೂರೋಕೆ ನಾನೇನು ಅದರ ಸೋದರಮಾವನಾ?"

ದೊಡ್ಡ ಡಾಕ್ಟರು ಗದರಿದರು, "ಕೋಳಿನ ಹೊರಗೆ ಬಿಟ್ಟಿದ್ದೆಯಾ? ನಿಜ ಹೇಳು!"

"ಬಿಟ್ಟಿದ್ರೆ ನನ್ನ ಕೈಯಿಂದ ಅಡುಗೆ ಕೆಡಲಿ ಸಾರ್!"

"ಅದು ಈಗಲೇ ಕೆಟ್ಟಿದೆ," ಎಂದ, ಜೀಪಿನ ಚಕ್ರದ ಪಕ್ಕ ಕೂತಿದ್ದ ಡ್ರೈವರು. ಅವನಿಗೆ ಬ್ರೇಕ್ ಎಂದು ಅಡ್ಡಹೆಸರು. ಮಾತಿಗೊಮ್ಮೆ ನಿಂತು ನಿಂತು ಹೇಳುವ ಚಾಳಿ. ಡಾಕ್ಟರಮ್ಮ ಅವನತ್ತ ತಿರುಗಿದಳು. ಜೀಪಿನ ಬಾಗಿಲು ತೆರೆದೇ ಇತ್ತು. ಹಿಂದಿನ ಸೀಟಿನ ಕೆಳಗೆ ಏನೋ ಕಂದಾಗಿ ಅಲುಗಿತು. ಬಗ್ಗಿ ಎತ್ತಿದಳು — ಪುಕ್ಕ.

"ಬ್ರೇಕಣ್ಣ, ಇದು?"

"ಗಾಳಿಗೆ... ಬಂದಿರಬೇಕು."

"ಗಾಳಿ ಸೀಟಿನ ಕೆಳಗೆ ಹೋಗಿ ಇಟ್ಟು ಬರುತ್ತಾ? ಸರ್ಕಾರಿ ಜೀಪಲ್ಲಿ ಕೋಳಿ ತಂದಿದ್ದೀರಿ. ಎಲ್ಲಿಂದ?"

"ಪೇಟೆ... ಅಂಗಡಿಯಿಂದ."

"ಯಾರಿಗೆ?"

ಅವನ ಬಾಯಿಗೆ ನಿಜಕ್ಕೂ ಬ್ರೇಕ್ ಬಿತ್ತು. "ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಕೆಲಸದಿಂದ ತೆಗೆದ್ರೂ... ಹೇಳಲ್ಲ."

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. ಅಷ್ಟರಲ್ಲಿ ಊರಿನವರಿಗೆ ಜ್ವರವಿದೆಯೇ ಎಂದು ಮನೆಮನೆ ನೋಡುವ ಹೊತ್ತಾಗಿತ್ತು. ಡಾಕ್ಟರಿಬ್ಬರೂ ಹೊರಟರು. ಎಲ್ಲ ಮನೆಗಳಲ್ಲೂ ಜನ ಗಟ್ಟಿಮುಟ್ಟಾಗಿದ್ದರು. ಕಡೆಯದು ಚಿಕ್ಕಮ್ಮನ ಮನೆ. ಅವಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಯಾರಿದ್ದಾರೆ?" ಎಂದರು ದೊಡ್ಡ ಡಾಕ್ಟರು.

"ನೆಂಟರು."

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಕಿವಿಯವರೆಗೂ ಕೆಂಪಾದಳು.

"ಹುಷಾರಿಲ್ವಾ?"

"ಹುಷಾರಾಗೇ ಇದ್ದಾಳೆ. ಎದ್ದು ಓಡಾಡಲ್ಲ, ಅಷ್ಟೇ."

"ಎಷ್ಟು ದಿನದಿಂದ?"

"ತಿಂಗಳಾಗ್ತಾ ಬಂತು."

"ಊಟ?"

"ದಿನಕ್ಕೆ ಒಂದು ಹೊತ್ತು. ಒಂದೇ ಹಿಡಿ."

"ಜ್ವರ ಇದೆಯಾ?"

ಚಿಕ್ಕಮ್ಮ ಯೋಚಿಸಿದಳು. "ಮೈ ಬಿಸಿಯಾಗೇ ಇರುತ್ತೆ. ಅದು ಇರಲೇಬೇಕಲ್ಲ."

ದೊಡ್ಡ ಡಾಕ್ಟರು ಒಂದೇ ಹೆಜ್ಜೆಗೆ ಅಂಗಳಕ್ಕೆ ಹಾರಿ ಬಾಯಿಗೆ ಮುಸುಕು ಬಿಗಿದುಕೊಂಡರು. "ಮನುಷ್ಯರಿಗೆ ದಾಟಿದೆ! ಈ ಮನೆಗೆ ಯಾರೂ ಬರಬಾರದು. ತಂಡದ ಜೊತೆ ಆಂಬ್ಯುಲೆನ್ಸೂ ಕರೆಸ್ತೀನಿ!"

ಅವರು ಓಡುವ ನಡಿಗೆಯಲ್ಲಿ ಹೋದರು. ಡಾಕ್ಟರಮ್ಮ ಒಂದು ಗಳಿಗೆ ನಿಂತು ಚಿಕ್ಕಮ್ಮನ ಮುಖ ನೋಡಿದಳು. ಅಲ್ಲಿದ್ದದ್ದು ದುಃಖವಷ್ಟೇ ಅಲ್ಲ, ಭಯ. ಚಿಕ್ಕಮ್ಮ ಬಾಗಿಲು ಎಳೆದುಕೊಂಡಳು.

ಬಿಸಿಲು ಇಳಿಯಿತು. ಡಾಕ್ಟರಮ್ಮ ಬಲೆಮನೆಯೊಳಗೆ ಒಂದು ಮಣೆ ಹಾಕಿಕೊಂಡು ಕೂತಳು. ಇಷ್ಟು ವರ್ಷ ಈ ಕೋಳಿಗಳ ರಕ್ತ ತೆಗೆದಿದ್ದಾಳೆ. ಅವುಗಳ ಜೊತೆ ಸುಮ್ಮನೆ ಕೂತದ್ದು ಇದೇ ಮೊದಲು. ಕೆರೆಯ ನೀರು ತಾಮ್ರದ ಬಣ್ಣಕ್ಕೆ ತಿರುಗಿತು. ಒಂದೊಂದೇ ಕೋಳಿ ಕತ್ತು ಕೊಂಕಿಸಿ, ಅಳತೆ ನೋಡಿ, ಪಟಕ್ಕನೆ ಗಳಕ್ಕೆ ಹಾರಿ ಪಕ್ಕದವಳನ್ನು ತಳ್ಳಿ ಜಾಗ ಮಾಡಿಕೊಂಡು ಕೂತಿತು. ಏಳು ಕೂತವು. ಆರನೆಯದು ಕೆಳಗೆ ಮೂಲೆಯಲ್ಲಿ ಆರಾಮವಾಗಿ ಕಾಲು ಮಡಿಸಿತು. ಕಣ್ಣು ಹೊಳೆಯುತ್ತಿತ್ತು, ಜುಟ್ಟು ಕೆಂಪಗಿತ್ತು. ರೋಗಿಷ್ಠೆ ಹೀಗಿರುತ್ತಾಳೆಯೇ?

ಎತ್ತಿಕೊಂಡಳು. ಮೆಲ್ಲಗೆ ಗಳದ ಮೇಲೆ ಕೂರಿಸಿದಳು. ಕೋಳಿ ಬೆರಳು ಮಡಚಲೇ ಇಲ್ಲ. ಒಂದು ಕ್ಷಣ ಹಲಗೆಯಂತೆ ನಿಂತು, ಹಿಂದಕ್ಕೆ ವಾಲಿ, ಬುಡಮೇಲಾಗಿ ಅವಳ ಮಡಿಲಿಗೇ ಬಿತ್ತು. ಮತ್ತೆ ಕೂರಿಸಿದಳು. ಮತ್ತೆ ಬಿತ್ತು. ಗಳದ ಮೇಲಿನ ಏಳೂ ಬಗ್ಗಿ ನೋಡಿ ಕೊಕ್ಕೊಕ್ಕೊ ಎಂದವು.

ಡಾಕ್ಟರಮ್ಮ ಕೋಳಿಯ ಮುಖವನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು — ಜಗಲಿಯಲ್ಲಿದ್ದವರೆಲ್ಲ ಇವಳಿಗೂ ಜ್ವರ ನೆತ್ತಿಗೇರಿತೆಂದು ಓಡಿ ಬಂದರು.

"ಸಾರ್, ತಂಡ ಬರೋದು ಬೇಡ. ಇದು ನಮ್ಮ ಕೋಳಿಯಲ್ಲ!"

"ಕಾಲಲ್ಲಿ ಆರನೇ ನಂಬರಿನ ಬಳೆ ಇದೆಯಲ್ಲ?"

"ಪ್ಲಾಸ್ಟಿಕ್ ಬಳೆ. ತಿರುಚಿದ್ರೆ ಬಿಚ್ಚುತ್ತೆ, ತಿರುಚಿದ್ರೆ ಹಾಕಬಹುದು. ಇದರ ಕೊಕ್ಕು ನೋಡಿ. ತುದಿ ಮೊಂಡು. ಸಾವಿರಾರು ಕೋಳಿ ಸಾಕೋ ಶೆಡ್ಡಿನಲ್ಲಿ ಒಂದನ್ನೊಂದು ಕುಕ್ಕಬಾರದು ಅಂತ ಮರಿಯಿದ್ದಾಗಲೇ ಕೊಕ್ಕಿನ ತುದಿ ತೆಗೀತಾರೆ. ಪಂಜರದಲ್ಲೇ ಬೆಳೆದ ಕೋಳಿ ಇದು. ನೆಲದ ಮೇಲೆ ಮಲಗೋದು ರೋಗದಿಂದಲ್ಲ. ಗಳ ಅನ್ನೋ ವಸ್ತುವನ್ನೇ ಇದು ಕಂಡಿರಲಿಲ್ಲ!"

"ಮತ್ತೆ ರಕ್ತದಲ್ಲಿ ಗುರುತು?"

"ಆ ಶೆಡ್ಡುಗಳಲ್ಲಿ ಹಕ್ಕಿಜ್ವರಕ್ಕೆ ಚುಚ್ಚುಮದ್ದು ಹಾಕ್ತಾರೆ ಸಾರ್. ಮದ್ದು ಬಿದ್ದ ರಕ್ತಾನೂ ಗುಂಡೀನ ಹಳದಿ ಮಾಡುತ್ತೆ. ನಾವು ಪತ್ತೆ ಮಾಡಿದ್ದು ರೋಗಾನಲ್ಲ, ಅದರ ಮದ್ದನ್ನ."

ದೊಡ್ಡ ಡಾಕ್ಟರು ಬಗ್ಗಿ ಕೊಕ್ಕನ್ನು ನೋಡಿದರು. "ರಕ್ತ ತೆಗೆದವರು ನೀವೇ ಅಲ್ವಾ? ಕೊಕ್ಕು ಕಾಣಲಿಲ್ವಾ?"

"ರಕ್ತ ತೆಗೆಯೋವಾಗ ರೆಕ್ಕೆ ನೋಡ್ತೀವಿ. ಮುಖ ಯಾರು ನೋಡ್ತಾರೆ ಸಾರ್? ಸೋದರಮಾವ ಕೂಡ ನೋಡಿಲ್ಲ."

"ಹಾಗಾದ್ರೆ ನಮ್ಮ ಆರನೆಯದನ್ನ ಕದ್ದವರು?" ದೊಡ್ಡ ಡಾಕ್ಟರ ಕಣ್ಣು ಅಡುಗೆಯವನ ಹೊಟ್ಟೆಯ ಮೇಲೆ ನಿಂತಿತು.

"ಮಾವನಲ್ಲ. ತಿನ್ನೋಕೆ ಕದಿಯೋನು ಬದಲಿಗೆ ಇನ್ನೊಂದು ಕೊಂಡು ತಂದು ಯಾಕೆ ಇಡ್ತಾನೆ? ಬಂದ ಕೋಳೀನೇ ತಿನ್ನಬಹುದಿತ್ತಲ್ಲ? ಈ ಕಳ್ಳರಿಗೆ ಬೇಕಾಗಿದ್ದು ಯಾವುದೋ ಒಂದು ಕೋಳಿಯಲ್ಲ, ನಮ್ಮ ಆರನೆಯದೇ. ಅದರಲ್ಲಿ ಏನಿತ್ತು ವಿಶೇಷ? ಮಾವ, ನೀವೇ ಹೇಳಿದ್ರಿ: ಗೂಡು ಬಿಟ್ಟು ಏಳಲ್ಲ, ಕೈ ಹಾಕಿದ್ರೆ ಕುಕ್ಕುತ್ತೆ."

"ಅಯ್ಯೋ! ಕಾವಿಗೆ ಬಂದಿತ್ತು!" ಅಡುಗೆಯವನು ಹಣೆ ಚಚ್ಚಿಕೊಂಡ.

"ಕಾವಿಗೆ ಬಂದ ಕೋಳಿ ಯಾರಿಗೆ ಬೇಕು? ಮೊಟ್ಟೆ ರಾಶಿಯಿದ್ದೂ ಕೂರೋರು ಯಾರೂ ಇಲ್ಲದವರಿಗೆ." ಡಾಕ್ಟರಮ್ಮ ಗೇಟಿನತ್ತ ನೋಡಿದಳು. ಚಿಕ್ಕಮ್ಮ ಅಲ್ಲಿ ನಿಂತಿದ್ದಳು. "ಚಿಕ್ಕಮ್ಮ, ನಿಮ್ಮ ನೆಂಟರು ಈಗ ಹೇಗಿದ್ದಾರೆ? ಮೈ ಇನ್ನೂ ಬಿಸಿನಾ?"

ಚಿಕ್ಕಮ್ಮ ಗೊಳೋ ಎಂದಳು. "ಕೋಳಿಗೆ ಕೋಳಿ ಇಟ್ಟೆ, ಲೆಕ್ಕ ಸರಿಯಾಯ್ತು ಅಂದ್ಕೊಂಡೆ ಕಣಮ್ಮ! ಮರಿ ಒಡೆದ ಮೇಲೆ ತಂದು ಬಿಡೋಣ ಅಂತಿದ್ದೆ. ಇವತ್ತು ರೋಗ ಅಂದ್ರಲ್ಲ, ಆವಾಗ ಎದೆ ಒಡೀತು. ನಾನು ಪೇಟೆಯಿಂದ ತರಿಸಿದ್ದೇ ಊರಿಗೆ ರೋಗ ತಂತು ಅಂದ್ಕೊಂಡೆ. ಯಾವ ಬಾಯಲ್ಲಿ ಹೇಳ್ಲಿ?"

"ನಾನು ಮಾತು... ಮುರೀಲಿಲ್ಲ ಚಿಕ್ಕಮ್ಮ," ಎಂದ ಬ್ರೇಕ್.

"ನೀನು ಚಿನ್ನ ಕಣೋ!" ಎಂದು ಅಳುವಿನ ನಡುವೆಯೇ ಅವಳು ಅವನ ಬೆನ್ನಿಗೆ ಗುದ್ದಿದಳು.

"ಸಾಕ್ಷಿ ಬೇಕು," ಎಂದರು ದೊಡ್ಡ ಡಾಕ್ಟರು. "ನಿಜವಾದ ಆರನೆಯದರ ರಕ್ತ ನೋಡದೆ ನಾನು ಏನನ್ನೂ ನಂಬಲ್ಲ."

ದೀಪ ಹಿಡಿದು ಎಲ್ಲರೂ ಚಿಕ್ಕಮ್ಮನ ಅಡುಗೆಮನೆಗೆ ನಡೆದರು. ಒಲೆಯ ಪಕ್ಕದ ಮೂಲೆಯಲ್ಲಿ, ಹುಲ್ಲು ಹಾಸಿದ ಅಗಲ ಬುಟ್ಟಿಯಲ್ಲಿ ನೆಂಟರು ಮಹಾರಾಣಿಯಂತೆ ಕೂತಿದ್ದರು. ಮೊನಚಾದ ಕೊಕ್ಕು, ಉರಿಗಣ್ಣು. ದೊಡ್ಡ ಡಾಕ್ಟರು ಕೈ ಚಾಚಿದರು. ಟಕ್! ಬೆರಳಿನಿಂದ ರಕ್ತ ಬಂತು.

"ನಿಮ್ದಲ್ಲ ಸಾರ್, ಅದರ ರಕ್ತ ಬೇಕಿರೋದು," ಎಂದ ಅಡುಗೆಯವನು. ಅವರಿಗೆ ಏಕೋ ಸಿಟ್ಟು ಬರಲಿಲ್ಲ.

ಡಾಕ್ಟರಮ್ಮ ಈ ಸಲ ಮೊದಲು ಕೋಳಿಯ ಮುಖ ನೋಡಿ, ಆಮೇಲೆ ರೆಕ್ಕೆ ಬಿಡಿಸಿದಳು. ಕೋಳಿಯನ್ನು ಎತ್ತಿದಾಗ ಕೆಳಗಿನ ಮೊಟ್ಟೆಯೊಂದರಲ್ಲಿ ಸೀಳು ಕಂಡಿತು. ಸೀಳಿನಿಂದ ಚಪ್ಪಟೆ ಕೊಕ್ಕೊಂದು ಹೊರಬಂದು, ಜಗತ್ತಿನ ಮೊದಲ ಗಾಳಿ ಕುಡಿದು, ಕೀಂ ಎಂದಿತು.

ಕೇಂದ್ರದಲ್ಲಿ ಎಲ್ಲರೂ ತಟ್ಟೆಯ ಸುತ್ತ ಉಸಿರು ಹಿಡಿದು ನಿಂತರು. ಗುಂಡಿ ತಿಳಿಯಾಗಿತ್ತು. ತಿಳಿಯಾಗಿಯೇ ಉಳಿಯಿತು.

ದೊಡ್ಡ ಡಾಕ್ಟರು ಫೋನ್ ಮಾಡಿ ತಂಡವನ್ನೂ ಆಂಬ್ಯುಲೆನ್ಸನ್ನೂ ಬರಬೇಡಿ ಎಂದರು. ಆಮೇಲೆ ಪೆನ್ನು ತೆಗೆದು ಹಣೆ ಗಂಟಿಕ್ಕಿದರು. "ಕಾವಲು ಕೋಳಿ ಇಷ್ಟು ದಿನ ಕರ್ತವ್ಯದಲ್ಲಿ ಇರಲಿಲ್ಲ ಅಂತ ಮೇಲಿನವರಿಗೆ ತಿಳಿಸಲೇಬೇಕು. ಕಾರಣ ಏನಂತ ಬರೀಲಿ?"

"ಹೆರಿಗೆ ರಜೆ ಅಂತ ಬರೀರಿ ಸಾರ್," ಎಂದಳು ಡಾಕ್ಟರಮ್ಮ.

ಆಗ ಅಲ್ಲಿದ್ದವರು ಮೊದಲ ಬಾರಿಗೆ ದೊಡ್ಡ ಡಾಕ್ಟರ ಹಲ್ಲು ಕಂಡರು. ಮುಂದಿನ ಒಂದು ಹಲ್ಲು ಇರಲೇ ಇಲ್ಲ. ಇಷ್ಟು ವರ್ಷ ನಗದೇ ಇದ್ದ ಗುಟ್ಟೂ ಅಂದೇ ಪತ್ತೆಯಾಯಿತು.

ಕೆಲವು ದಿನಗಳ ಮೇಲೆ ಚಿಕ್ಕಮ್ಮ ಮರಿಗಳನ್ನು ಕೆರೆಗೆ ಬಿಟ್ಟಳು. ಹಳದಿ ಉಂಡೆಗಳು ಸಾಲಾಗಿ ನೀರಿಗೆ ಧುಮುಕಿ ತೇಲಿಹೋದವು. ದಡದಲ್ಲಿ ಆರನೆಯವಳು ರೆಕ್ಕೆ ಬಡಿದು, ಅತ್ತಿಂದಿತ್ತ ಓಡಿ, ಮಕ್ಕಳು ಮುಳುಗಿದರೆಂದು ಕೆರೆಯೇ ಕೇಳುವಂತೆ ಕೂಗಿಕೊಂಡಳು. ಅವಳ ಪಕ್ಕದಲ್ಲಿ ಪ್ಯಾಂಟು ಮಡಚಿ ನಿಂತ ದೊಡ್ಡ ಡಾಕ್ಟರು, "ಏನೂ ಆಗಲ್ಲ ತಾಯಿ, ಅವಕ್ಕೆ ಈಜು ಬರುತ್ತೆ, ನೋಡು, ಬರುತ್ತೆ," ಎಂದು ಸಮಾಧಾನ ಹೇಳುತ್ತಲೇ ಇದ್ದರು.