ಬಜಾರಿನಲ್ಲಿ ನನ್ನ ಬ್ಯಾಗು ಹಿಡಿದವನು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ಟೋಪಿ ಹಾಕಿಸಿಕೊಂಡವಳು ನಾನು. ಹಾಕಿದವನು ಪರದೆ ಹೊಲಿಯುವವನು. ಅಯ್ಯೋ ಪಾಪ ಎನ್ನುವವರು ಕೊನೆಯ ತನಕ ಸ್ವಲ್ಪ ತಡೆದುಕೊಳ್ಳಿ.

ಆ ದೊಡ್ಡ ಊರಿಗೆ ಕೆಲಸಕ್ಕೆ ಬಂದು, ಒಂದು ಕೋಣೆ ಬಾಡಿಗೆಗೆ ಹಿಡಿದು, ನೆಲದ ಮೇಲೆ ಮಲಗುತ್ತಿದ್ದೆ. ಕೋಣೆಗೆ ಕಿಟಕಿ ಇತ್ತು, ಪರದೆ ಇರಲಿಲ್ಲ. ಎದುರು ಮನೆಯ ಅಜ್ಜ ದಿನಾ ಬೆಳಿಗ್ಗೆ ತನ್ನ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು ತೊಳೆಯುತ್ತಾ, ಬೊಚ್ಚು ಬಾಯಲ್ಲಿ ನಕ್ಕು, ನನಗೆ ಕೈ ಬೀಸುತ್ತಿದ್ದ. ನನ್ನ ಕೆಲಸವೂ ಹಲ್ಲಿನದೇ. ಡೆಂಟಲ್ ಲ್ಯಾಬಿನಲ್ಲಿ ಕೂತು ಬೇರೆಯವರ ಬಾಯಿಗೆ ಹಲ್ಲು ಕಟ್ಟುತ್ತೇನೆ. ಹಾಗೆಂದು ಬೆಳಗಾಗೆದ್ದು ಯಾರದೋ ಹಲ್ಲಿನ ದರ್ಶನ ಬೇಕಿರಲಿಲ್ಲ.

ಅಳತೆ ತೆಗೆದುಕೊಂಡು ಹಳೇ ಬಜಾರಿನ ಪರದೆ ಅಂಗಡಿಗೆ ಹೋದೆ. ಮೂಲೆಯಲ್ಲಿ ಒಬ್ಬ ಮಿಷನ್ ತುಳಿಯುತ್ತಾ ಕೂತಿದ್ದ.

“ಉದ್ದ ಎರಡು ಸಾವಿರದ ನೂರು, ಅಗಲ ಸಾವಿರದ ಇನ್ನೂರು” ಎಂದೆ.

ಮಿಷನ್ ನಿಂತಿತು. ಅವನು ತಲೆ ಎತ್ತಿದ. “ಇದು ಕಿಟಕಿನಾ, ಆಟದ ಮೈದಾನಾನಾ?”

“ಮಿಲಿಮೀಟರ್ ರೀ.”

“ಮಿಲಿಮೀಟರಲ್ಲಿ ಕಿಟಕಿ ಅಳೆದವರನ್ನ ಇವತ್ತೇ ನೋಡಿದ್ದು. ಏನ್ ಕೆಲಸ ಮಾಡ್ತೀರಾ?”

“ಹಲ್ಲು ಕಟ್ತೀನಿ.”

ಅವನು ನಕ್ಕ. ಎಡಗಡೆಯ ಕೋರೆಹಲ್ಲು ಸ್ವಲ್ಪವೇ ತಿರುಗಿತ್ತು. ಅಂಥ ಸೊಟ್ಟು ಹಲ್ಲನ್ನು ನಾವು ಲ್ಯಾಬಿನಲ್ಲಿ ಬೇಕೆಂದೇ ಇಡುತ್ತೇವೆ, ನೋಡಿದವರು ನಿಜದ ನಗು ಎಂದು ನಂಬಲಿ ಅಂತ. ಇದೆಲ್ಲ ಗೊತ್ತಿದ್ದೂ ನಾನು ಅಲ್ಲೇ, ಆ ಬಟ್ಟೆಯ ರಾಶಿಯ ಪಕ್ಕದಲ್ಲೇ, ಹಳ್ಳಕ್ಕೆ ಬಿದ್ದೆ.

“ಮಂಚ, ಪಾತ್ರೆ, ಎಲ್ಲಾ ಆಯ್ತಾ?” ಎಂದು ಕೇಳಿದ.

“ಏನೂ ಆಗಿಲ್ಲ. ಮಾಲ್‌ಗೆ ಹೋಗಿ ಬೆಲೆ ನೋಡಿ ಬರಿಗೈಲಿ ವಾಪಸ್ ಬಂದೆ.”

“ಮಾಲ್‌ಗೆ ಯಾರಾದ್ರೂ ಕೊಳ್ಳೋಕೆ ಹೋಗ್ತಾರಾ? ಅಲ್ಲಿ ಎಸಿ ಗಾಳಿ ಫ್ರೀ. ಅದೊಂದು ತಗೊಂಡು ಬರ್ಬೇಕು ಅಷ್ಟೇ. ಭಾನುವಾರ ಬನ್ನಿ, ಬಡವರು ಎಲ್ಲಿ ಮನೆ ಕಟ್ಕೋತಾರೆ ತೋರಿಸ್ತೀನಿ.”

ಹೀಗೆ ನಮ್ಮ ಭಾನುವಾರಗಳು ಶುರುವಾದವು.

ಬಜಾರನ್ನು ಅವನು ತನ್ನ ಅಂಗೈಯಂತೆ ಬಲ್ಲ. ದೊಡ್ಡ ಹೋಟೆಲಿನವರು ಬಿಸಾಕಿದ ಬೆಡ್‌ಶೀಟುಗಳು ಎಲ್ಲಿ ಮಾರಾಟಕ್ಕೆ ಬೀಳುತ್ತವೆ, ಬಣ್ಣದಲ್ಲಿ ಚುಕ್ಕೆಯಷ್ಟು ಊನ ಇರುವ ಪಿಂಗಾಣಿ ತಟ್ಟೆಗಳು ಯಾರ ಹತ್ತಿರ ಬರುತ್ತವೆ, ಶೋರೂಮಿನಲ್ಲಿ ನೋಡಲಷ್ಟೇ ಇಟ್ಟಿದ್ದ ಹಾಸಿಗೆ ಯಾವ ಗೋಡೌನಿಗೆ ಹೋಗುತ್ತದೆ, ಎಲ್ಲ ಅವನಿಗೆ ಗೊತ್ತು. ಮನೆ ಬದಲಾಯಿಸುವವರು ಬಿಟ್ಟುಹೋದ ಕುರ್ಚಿ ಮೇಜುಗಳಿಗೆ ಒಂದು ಇಡೀ ಗಲ್ಲಿಯೇ ಇತ್ತು. ಅಲ್ಲಿ ಕುರ್ಚಿ ಕೊಳ್ಳುವ ಮುಂಚೆ ಅದರ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಬೇಕು ಎಂದು ಕಲಿಸಿದ. ನಾನು ವಾಲಿದ್ದೇ ಕುರ್ಚಿ ಸಮೇತ ಬಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಕೈ ಕೊಟ್ಟು ಎಬ್ಬಿಸಿದ, ಎಬ್ಬಿಸಿದ ಕೈಯನ್ನು ತಕ್ಷಣ ಬಿಡಲಿಲ್ಲ.

ನಾನು ಅವನಿಗೆ ಜುಗ್ಗ ಎಂದು ಹೆಸರಿಟ್ಟೆ. ಅವನು ನನಗೆ ಹಲ್ಲುಪುಡಿ ಎಂದ.

“ನೋಡು ಹಲ್ಲುಪುಡಿ, ಇಷ್ಟವಾದ ಸಾಮಾನನ್ನ ಕಣ್ಣೆತ್ತಿ ನೋಡ್ಲೇಬಾರದು. ಕಣ್ಣು ಅರಳಿದ್ರೆ ಬೆಲೆ ಏರುತ್ತೆ. ಪಕ್ಕದ್ದನ್ನ ನೋಡ್ಬೇಕು, ಬೇಡವಾದದ್ದನ್ನ ಕೇಳ್ಬೇಕು.”

“ಅದಕ್ಕೇನಾ ನೀನು ನನ್ನ ಮುಖ ನೋಡಿ ಮಾತಾಡಲ್ಲ?”

ಅವನು ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಬಹಳ ಗಂಭೀರವಾಗಿ ನೋಡುತ್ತಾ ನಿಂತ. ಕಿವಿ ಮಾತ್ರ ಕೆಂಪಾಗಿತ್ತು.

ಇನ್ನೊಂದು ಹೇಳಬೇಕು. ಪ್ರತಿ ಅಂಗಡಿಯ ಬಾಗಿಲಲ್ಲೂ ಅವನು ನನ್ನ ಹೆಗಲಿನಿಂದ ಬ್ಯಾಗು ತೆಗೆದು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. “ಕೈ ಖಾಲಿ ಇದ್ರೆ ಸಾಮಾನು ಸರಿಯಾಗಿ ಮುಟ್ಟಿ ನೋಡಬಹುದು” ಎನ್ನುತ್ತಿದ್ದ. ತೆಗೆಯುವಾಗ ಪಟ್ಟಿಗೆ ಸಿಕ್ಕಿಕೊಂಡ ನನ್ನ ಕೂದಲನ್ನು ಒಂದೊಂದೇ ಬಿಡಿಸುತ್ತಿದ್ದ. ಹೆಂಗಸರ ಕೆಂಪು ಬ್ಯಾಗನ್ನು ನಾಚಿಕೆ ಇಲ್ಲದೆ ಹೆಗಲಿಗೇರಿಸಿ ನಡೆಯುವ ಗಂಡಸು ಈ ಲೋಕದಲ್ಲಿ ಎಷ್ಟು ಜನ ಸಿಗುತ್ತಾರೆ? ನಾನು ಆ ಗಳಿಗೆಗಾಗಿಯೇ ಬೇಡದ ಅಂಗಡಿಗಳಿಗೂ ಹೋಗುತ್ತಿದ್ದೆ.

ಆಮೇಲೆ ಜಗಳ. ಅಬ್ಬಾ, ಏನು ಜಗಳ!

“ಏನಣ್ಣಾ, ಬಾವಲಿಗೂ ಇಷ್ಟು ತಲೆಕೆಳಗಾದ ಲೆಕ್ಕ ಇರಲ್ಲ! ಹೊಸದಾಗಿ ಊರಿಗೆ ಬಂದ ಹುಡುಗಿ, ಅವಳ ಮುಖ ನೋಡಿಯಾದ್ರೂ ನ್ಯಾಯವಾಗಿ ಹೇಳಿ” ಎಂದು ಶುರು ಮಾಡಿದರೆ ಗಿರಾಕಿಗಳೆಲ್ಲ ತಿರುಗಿ ನೋಡಬೇಕು. ಅಂಗಡಿಯವನು ಹಣೆ ಚಚ್ಚಿಕೊಳ್ಳುವನು. ಇವನು ನನ್ನ ಕೈ ಹಿಡಿದು ದರದರ ಹೊರಗೆ ನಡೆಯುವನು. ಹಿಂದಿನಿಂದ, “ಆಯ್ತು ಬಾರಯ್ಯಾ, ಸಾಯಿಸ್ತೀಯ ನೀನು” ಎಂದು ಕೂಗು ಬರುವುದು.

ನಮ್ಮಪ್ಪ ಒಳ್ಳೆಯವನು, ಆದರೆ ನನಗಾಗಿ ಎಂದೂ ಯಾರೊಂದಿಗೂ ಜಗಳವಾಡಿದವನಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದಳೆಂದು ಟೀಚರ್ ಸುಳ್ಳೇ ದೂರಿದಾಗಲೂ, “ಹೋಗ್ಲಿ ಬಿಡಮ್ಮಾ” ಎಂದು ನನ್ನನ್ನು ಮನೆಗೆ ಕರೆತಂದಿದ್ದ. ಈಗ ಒಬ್ಬ ಒಂದು ಬಾಣಲೆಗಾಗಿ ನನ್ನ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದ. ನಾನು ಅವನನ್ನು ಪ್ರೀತಿಸಿದ್ದು ಆ ಜಗಳಗಳಿಗಾಗಿ. ಸೊಟ್ಟು ಹಲ್ಲು ಆಮೇಲೆ.

ಮಂಚ ಕೊಂಡದ್ದು ಕೊನೆಗೆ.

“ಸಿಂಗಲ್ ಸಾಕು” ಎಂದೆ ಅಂಗಡಿಯವನಿಗೆ.

“ಡಬಲ್ ತಗೋ” ಎಂದ ಜುಗ್ಗ.

“ಒಬ್ಬಳಿಗೆ ಡಬಲ್ ಯಾಕೋ?”

ಅವನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ, ಮಂಚದ ಕಾಲನ್ನು ನೋಡಿದ, ಕಡೆಗೆ ಇಷ್ಟು ದಿನಕ್ಕೆ ಮೊದಲ ಸಲ ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. “ಈಗ ಒಬ್ಬಳಿಗೆ” ಎಂದ.

ಮಂಚದಂಗಡಿಯವನು ಕೆಮ್ಮಿದ. ನಾನು ಡಬಲ್ ತೆಗೆದುಕೊಂಡೆ.

ಅವತ್ತಿನ ಚೌಕಾಸಿಯಲ್ಲಿ ಅವನ ದನಿಯೇ ಬಿದ್ದುಹೋಯಿತು. ಬಿಸಿ ಟೀ ಕುಡಿಸಿದೆ. ಆ ಸಂಜೆಯೇ ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ.

“ಹಲ್ಲು ನೋಡಿದೀಯಾ?” ಎಂದಳು ಅಮ್ಮ. “ಎಲ್ಲಾ ಅವನದೇ ತಾನೇ?”

“ಎಲ್ಲಾ ಅವನದೇ ಅಮ್ಮಾ.”

“ಹಾಗಾದ್ರೆ ಮುಂದಿನ ತಿಂಗಳು ಒಂದು ಭಾನುವಾರ ಬಂದು ನೋಡ್ತೀನಿ. ನನಗೆ ಒಪ್ಪಿಗೆ ಆದ್ರೆ ಮದುವೆ ಮಾತು ಆಡಿಬಿಡೋಣ. ನಿನಗೆ ಒಪ್ಪಿಗೆನಾ?”

“ನೂರಕ್ಕೆ ನೂರು” ಎಂದೆ.

ಅಮ್ಮ ಬರುವ ವಾರ ಒಂದು ತಟ್ಟೆ ಕೈಜಾರಿ ಒಡೆಯಿತು. ಅವನಿಗೆ ಹೊಲಿಗೆ ಕೆಲಸ ತಲೆಯ ಮೇಲೆ ಇತ್ತು. ಇಷ್ಟಕ್ಕೆಲ್ಲ ಅವನನ್ನು ಯಾಕೆ ಕರೆಯಲಿ ಎಂದು ಲ್ಯಾಬಿನಿಂದ ಬರುತ್ತಾ ನಾನೊಬ್ಬಳೇ ಪಿಂಗಾಣಿ ಅಂಗಡಿಗೆ ಹೋದೆ. ಅಲ್ಲಿ ವ್ಯಾಪಾರ ಮಾಡುವುದು ಒಬ್ಬ ಅಜ್ಜಿ. ಕಣ್ಣು ಮಂಜಾದರೂ ನಾಲಿಗೆ ಚುರುಕು. ತಟ್ಟೆಯ ಬೆಲೆ ಕೇಳಿದೆ. ಹೇಳಿದಳು.

ಅವನು ಅಷ್ಟೆಲ್ಲ ಹೋರಾಡಿ ಇಳಿಸಿದ ಬೆಲೆಗಿಂತ ಅದು ಕಡಿಮೆಯಾಗಿತ್ತು.

“ಅಜ್ಜೀ, ಬೆಲೆ ಇಳಿದಿದೆಯಾ?”

“ನನ್ನ ಬೆಲೆ ಯಾವತ್ತೂ ಇಷ್ಟೇ ತಾಯೀ.”

“ನನಗೆ ಆವತ್ತು ಜಾಸ್ತಿ ಹಾಕಿದ್ರಲ್ಲ?”

ಅಜ್ಜಿ ಕನ್ನಡಕ ಏರಿಸಿ ನನ್ನನ್ನೂ ನನ್ನ ಹೆಗಲನ್ನೂ ನೋಡಿದಳು. “ಆವತ್ತು ನಿನ್ನ ಬ್ಯಾಗು ಆ ಪರದೆ ಹುಡುಗನ ಹೆಗಲ ಮೇಲಿತ್ತಲ್ಲಮ್ಮಾ. ಬ್ಯಾಗು ಹಿಡಿದು ಬಂದವನ ಪಾಲು ಸೇರಿಸಿಯೇ ಹೇಳಬೇಕು. ಅದು ಇಲ್ಲಿಯ ಪದ್ಧತಿ. ಯಾಕೆ, ನಿನಗೆ ಗೊತ್ತಿರಲಿಲ್ವಾ?”

“ಮತ್ತೆ ಆ ಜಗಳ?”

“ಅವನು ಕೂಗಬೇಕು, ನಾನು ಅಳಬೇಕು. ಗಿರಾಕಿಗೆ ಗೆದ್ದ ಹಾಗಿರಬೇಕಲ್ಲ.” ಅವಳು ತಟ್ಟೆಗೆ ಕಾಗದ ಸುತ್ತುತ್ತಿದ್ದಳು. “ಚೆನ್ನಾಗಿ ಕೂಗ್ತಾನೆ ಹುಡುಗ. ಎಷ್ಟು ಜನರನ್ನ ಕರ್ಕೊಂಡು ಬಂದಿದಾನೆ!”

ತಟ್ಟೆಯನ್ನು ಅಲ್ಲೇ ಬಿಟ್ಟು ಬಂದೆ. ಕಾಲುಗಳು ನೇರ ಮಂಚದಂಗಡಿಗೆ ಎಳೆದೊಯ್ದವು. ಉಳಿದದ್ದೆಲ್ಲ ಹೋಗಲಿ, ಮಂಚ ಒಂದಕ್ಕೆ ಅವನು ಪಾಲು ತೆಗೆದುಕೊಂಡಿರದಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಬಾಣಲೆಯ ಹೊತ್ತಿಗೆ ನಾನು ಅವನಿಗೆ ಯಾರೋ. ಮಂಚದ ಹೊತ್ತಿಗೆ ಯಾರೋ ಆಗಿರಲಿಲ್ಲವಲ್ಲ.

ಮಂಚದವನು ಹಲ್ಲು ಕಿರಿದ. “ಮಂಚಕ್ಕಾ? ಮಂಚಕ್ಕೆ ಪಾಲು ಜಾಸ್ತಿ ಮೇಡಂ. ಅದೂ ಡಬಲ್ ಅಂದ್ರೆ ಇನ್ನೂ ಜಾಸ್ತಿ.”

ಆ ದಿನ ನಾನು ಬೀದಿಯಲ್ಲೇ ಅತ್ತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನಾನು ಆ ಬೇಲಿಗೆ ಒರಗಿಕೊಂಡು ಕನಸು ಕಾಣುತ್ತಿದ್ದೆ.

ಅವನು ಶನಿವಾರ ಮಧ್ಯಾಹ್ನ ಬಂದ. ಅಮ್ಮ ಬರುವ ಮುಂಚೆ ಅಡುಗೆ ಮೂಲೆಗೆ ಒಂದು ಶೆಲ್ಫ್ ಹಾಕಬೇಕೆಂದು ಡ್ರಿಲ್ ಎರವಲು ತಂದಿದ್ದ. ಸ್ಟೂಲ್ ಹತ್ತಿ ಒಂದು ಬದಿಗೆ ಸ್ಕ್ರೂ ಬಿಗಿದ. ನಾನು ಕೆಳಗೆ ನಿಂತೇ ಕೇಳಿದೆ.

“ಈ ಶೆಲ್ಫಿಗೆ ನಿನ್ನ ಪಾಲು ಎಷ್ಟು ಬಂತು ಜುಗ್ಗಾ?”

ಡ್ರಿಲ್ ನಿಂತಿತು. ಅವನು ನಗಲು ನೋಡಿದ. “ಏನೇ ಇದು, ಹಲ್ಲುಪುಡಿಗೆ ಖಾರ ಯಾಕೆ ಹತ್ತಿದೆ?”

“ಪಿಂಗಾಣಿ ಅಜ್ಜಿ ಹೇಳಿದ್ಲು. ಮಂಚದವನೂ ಹೇಳಿದ.”

ಅವನು ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತ. ಎಷ್ಟೋ ಹೊತ್ತು ಕೈಯ ಸುಣ್ಣದ ಪುಡಿ ಒರೆಸಿಕೊಂಡ.

“ಬಜಾರಿನಲ್ಲಿ ಎಲ್ಲರೂ ತಗೋತಾರೆ” ಎಂದ. “ನಮ್ಮ ಮಾಲೀಕ ಕೊಡೋ ಸಂಬಳದಲ್ಲಿ ಈ ಊರಲ್ಲಿ ಬದುಕೋಕಾಗಲ್ಲ. ಆದ್ರೂ ನೀನು ಕೊಟ್ಟಿದ್ದು ಹೊರಗಡೆಗಿಂತ ಕಡಿಮೇನೇ. ಬೇಕಿದ್ರೆ ವಿಚಾರಿಸು.”

“ವಿಚಾರಿಸಿದೆ. ನಿಜ. ಕಡಿಮೇನೇ.”

“ಮತ್ತೆ?”

“ಮತ್ತೆ ಅಂತೀಯಲ್ಲೋ! ದುಡ್ಡು ಹಾಳಾಗಿ ಹೋಗ್ಲಿ. ನೀನು ನನಗೋಸ್ಕರ ಜಗಳ ಆಡ್ತಿದೀಯ ಅಂದ್ಕೊಂಡಿದ್ದೆ. ನನ್ನ ಜನ್ಮದಲ್ಲಿ ಮೊದಲ ಸಲ ಯಾರೋ ನನ್ನ ಕಡೆ ನಿಂತಿದಾರೆ ಅಂದ್ಕೊಂಡಿದ್ದೆ. ನೀನು ಆ ಕಡೆ ನಿಂತಿದ್ದೆ. ನಾನೊಬ್ಬಳೇ ಈ ಕಡೆ ನಿಂತು ನಿನ್ನನ್ನ ನೋಡಿ ಮೈಮರೀತಿದ್ದೆ. ಅಂಗಡಿಯವರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಎಷ್ಟು ನಕ್ಕಿದ್ದಾರೋ.”

“ಯಾರೂ ನಕ್ಕಿಲ್ಲ.”

“ಮಂಚಕ್ಕೂ ತಗೊಂಡ್ಯಲ್ಲೋ!”

ಅವನು ತಲೆ ತಗ್ಗಿಸಿದ. “ಮದುವೆ ಆದ್ಮೇಲೆ ಬೇಕಾಗುತ್ತೆ ಅಂತ ಎತ್ತಿಟ್ಟಿದ್ದೆ. ನಮಗೇ ಅಂತ.”

“ನನ್ನ ಜೇಬಿಗೆ ಕತ್ತರಿ ಹಾಕಿ ನನಗೇ ಉಡುಗೊರೆನಾ?”

“ನಿನ್ನ ಮೇಲಿನ ಪ್ರೀತಿ ಸುಳ್ಳಲ್ಲ ಕಣೇ” ಎಂದ. ದನಿ ಮಂಚ ಕೊಂಡ ದಿನದಂತೆಯೇ ಒಡೆದಿತ್ತು, ಆದರೆ ಈಗ ಅದನ್ನು ಕೇಳಿ ಟೀ ಕೊಡೋಣ ಅನ್ನಿಸಲಿಲ್ಲ. ಇದೂ ಕೂಗುವ ಪದ್ಧತಿಯ ಒಂದು ಭಾಗವೇ ಇರಬಹುದೇ ಎಂಬ ಗುಮಾನಿ ಬಂತು. ಮೋಸ ಹೋದವರಿಗೆ ಇದೊಂದು ಹೊಸ ಕಾಯಿಲೆ, ಎದುರಿನವನ ಕಣ್ಣೀರನ್ನೂ ಉಗುರಲ್ಲಿ ಕೆರೆದು ನೋಡುವಂತಾಗುತ್ತದೆ. ನನಗೆ ಅದು ಬೇಡವಾಗಿತ್ತು. ಜೀವಮಾನವಿಡೀ ಹಾಗೆ ಕೆರೆಯುತ್ತಾ ಕೂರುವುದು ನೆನೆದರೇ ಭಯವಾಯಿತು.

“ಒಂದೇ ಒಂದು ಕೇಳ್ತೀನಿ” ಎಂದೆ. “ನನಗೆ ಗೊತ್ತಾಗದೇ ಇದ್ದಿದ್ರೆ, ನೀನಾಗಿ ಯಾವತ್ತಾದ್ರೂ ಹೇಳ್ತಿದ್ಯಾ?”

ಹೇಳುತ್ತಿದ್ದೆ ಎಂದಿದ್ದರೆ ನಾನು ನಂಬುತ್ತಿದ್ದೆ. ನಿಜವಾಗಿ ನಂಬುತ್ತಿದ್ದೆ. ನಂಬಲು ಅಷ್ಟು ಆಸೆಯಿತ್ತು, ಒಂದು ಹುಲ್ಲುಕಡ್ಡಿ ಕೊಟ್ಟಿದ್ದರೂ ಹಿಡಿದುಕೊಳ್ಳುತ್ತಿದ್ದೆ. ನಾಳೆ ಅಮ್ಮ ಬರುತ್ತಿದ್ದಳು, ಹೊಸ ಬೆಡ್‌ಶೀಟು ಹಾಸಿಟ್ಟಿದ್ದೆ. ಅದು ಅವನಿಗೂ ಗೊತ್ತಿತ್ತು. ನಿಂತ ನಿಲುವಿನಲ್ಲಿ ಸುಳ್ಳು ಹೊಸೆಯುವವನಿಗೆ ಒಂದು ಮಾತು ಎಷ್ಟರದು?

ಅವನು ನನ್ನ ಮುಖವನ್ನೇ ನೋಡುತ್ತಾ, “ಇಲ್ಲ” ಎಂದ. “ಹೇಳ್ತಿರಲಿಲ್ಲ. ನೀನು ಬಿಟ್ಟು ಹೋಗ್ತೀಯ ಅಂತ ಭಯ. ಯಾವತ್ತೂ ಹೇಳ್ತಿರಲಿಲ್ಲ.”

ಅವನ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೆ ಮೊದಲು ಎಂದೂ ಉಕ್ಕಿರಲಿಲ್ಲ, ಅದನ್ನೇನು ಮುಚ್ಚಿಡಲಿ. ಹೋಗಿ ತಬ್ಬಿಕೊಂಡುಬಿಡಬೇಕು ಅನ್ನಿಸಿತು. ಅವನು ನಿಜ ಹೇಳಿದ್ದ, ಆ ನಿಜದ ಜೊತೆ ಬದುಕಲು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

“ನಾಳೆ ಬರ್ಲಾ?” ಎಂದು ಕೇಳಿದ.

“ಬೇಡ.”

“ಆಮೇಲೆ?”

“ಆಮೇಲೂ ಬೇಡ.”

ಅವನು ವಾದ ಮಾಡಲಿಲ್ಲ. ಗೋಡೆಯ ಕಡೆ ನೋಡಿದ. “ಇನ್ನೊಂದು ಬದಿ ಬಿಗಿದು ಹೋಗ್ತೀನಿ. ಹೀಗೇ ಬಿಟ್ರೆ ನಿನ್ನ ತಲೆ ಮೇಲೆ ಬೀಳುತ್ತೆ.”

“ಸರಿ.”

ಅವನು ಮತ್ತೆ ಸ್ಟೂಲ್ ಹತ್ತಿದ. ಅದು ಅಲುಗಾಡುತ್ತಿತ್ತು, ನಾನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತೆ. ಸುಣ್ಣದ ಪುಡಿ ನನ್ನ ಕೂದಲ ಮೇಲೆ ಉದುರಿತು. ಇಳಿದವನು ಅದನ್ನು ಕೊಡವಲು ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿ, ಡ್ರಿಲ್ಲಿನ ವೈರು ಸುತ್ತಿಕೊಂಡ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳದಾದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ.

“ಬಟ್ಟೆ ತುಂಬಿಸ್ತಿದೀನಿ ಕಣೇ” ಎಂದಳು ಉತ್ಸಾಹದಿಂದ. “ಹುಡುಗನಿಗೆ ಯಾವ ಬಣ್ಣದ ಶರ್ಟ್ ತರ್ಲಿ?”

“ಶರ್ಟ್ ಬೇಡ ಅಮ್ಮಾ. ಅವನಿರಲ್ಲ. ನೀನು ಮಾತ್ರ ಬಾ.”

“ಬಿಟ್ಟು ಹೋದ್ನಾ?”

“ನಾನೇ ಕಳಿಸಿದೆ. ಮೋಸ ಮಾಡಿದ.”

ಅಮ್ಮ ಏನು ಮೋಸ, ಎಂಥ ಮೋಸ ಎಂದು ಕೇಳಲಿಲ್ಲ. “ಈಗ ಅವನನ್ನ ಕಂಡ್ರೆ ಆಗಲ್ವಾ ನಿನಗೆ?” ಎಂದಳು.

“ಆಗುತ್ತೆ ಅಮ್ಮಾ. ಈಗಲೇ ಓಡಿಹೋಗಿ ಕರ್ಕೊಂಡು ಬರೋಣ ಅನ್ನಿಸ್ತಿದೆ.”

“ಹಾಗಾದ್ರೆ ಫೋನ್ ಇಡಬೇಡ” ಎಂದಳು ಅಮ್ಮ. “ಬಾಗಿಲ ಹತ್ರ ಹೋಗ್ಬೇಡ, ಅಲ್ಲೇ ಕೂತ್ಕೋ. ಜೋರಾಗಿ ಅತ್ತುಬಿಡು, ನಾನು ಕೇಳಿಸ್ಕೋತಾ ಇರ್ತೀನಿ.”

ನಾನು ನೆಲದ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದು, ಅತ್ತೆ.