ಧೈರ್ಯಕ್ಕೊಂದು ತಾರೀಖು

ಹೊಸ ವರ್ಷದ ಬೆಳಗ್ಗೆ ಹರಿತಾ ಮಾಡಿದ ಮೊದಲ ಕೆಲಸ ಮಧುಸೂದನನ ಕೆನ್ನೆಗೆ ಬಾರಿಸಿದ್ದು.

ತಪ್ಪು ಅವನದೇ. ದಿಬ್ಬೂರಹಳ್ಳಿಯ ಅವಳ ಹುಳುಮನೆಗೆ ರೇಷ್ಮೆಹುಳುಗಳ ರೋಗ ನೋಡಲು ಬರುವವನು, ನೋಡಿ ಹೋಗಬೇಕಿತ್ತು. ಗೋಡೆಯ ಚಾರ್ಟಿನಲ್ಲಿ ಹುಳುಗಳಿಗೆ ಸೊಪ್ಪು ಹಾಕುವ ತಾರೀಖುಗಳ ಕೆಳಗೆ ಅವಳು ಬರೆದುಕೊಂಡಿದ್ದ 'ಈ ವರ್ಷ ಧೈರ್ಯವಾಗಿರಬೇಕು' ಎಂಬ ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದ.

"ನನ್ನ ನೋಡಿ ನಗ್ತೀಯೇನೋ?"

"ಇಲ್ಲ ಕಣೇ," ಅವನು ಕೆನ್ನೆ ಸವರಿಕೊಂಡ. "ಹುಳ ಜ್ವರ ಬಿಟ್ಟು ಏಳೋದು ಯಾವತ್ತು, ಹಣ್ಣಾಗಿ ಗೂಡು ಕಟ್ಟೋದು ಯಾವತ್ತು, ಎಲ್ಲಾ ಬರೀತೀಯ. ಧೈರ್ಯಕ್ಕೆ ತಾರೀಖು ಬೇಡ್ವಾ? ನಿನ್ನ ಕೈಲಿ ಆಗೋ ಒಂದೇ ಒಂದು ಕೆಲಸ ಬರಿ."

ಕೆನ್ನೆಯ ಮೇಲೆ ಅವಳ ಐದು ಬೆರಳೂ ಮೂಡಿದ್ದರೂ ಓರೆಗಣ್ಣಿನ ತುಂಟತನ ಹೋಗಿರಲಿಲ್ಲ. ಎರಡು ವರ್ಷದಿಂದ ಅವಳು ಸೋತಿದ್ದು ಈ ಕಣ್ಣಿಗೇ. ಪೆನ್ನು ಕಿತ್ತುಕೊಂಡು ಬರೆದಳು: 'ಜನವರಿ ಹದಿನಾಲ್ಕು, ಸಂಕ್ರಾಂತಿ. ಮಧುನ್ನೇ ಮದುವೆಯಾಗೋದು ಅಂತ ಅಣ್ಣನ ಮುಂದೆ ಹೇಳೋದು.'

ಅವನ ನಗು ನಿಂತಿತು. "ನಾವು ಯಾವ ಜನ ಅಂತ ನಿಮ್ಮಣ್ಣಂಗೆ ಗೊತ್ತಲ್ವಾ? ಸಾಯಿಸ್ಬಿಡ್ತಾನೆ."

"ತಾರೀಖು ಕೇಳಿದ್ದು ನೀನೇ ಕಣೋ."

ಸೊಪ್ಪು ಕೊಯ್ಯುವ ದಿನ ತಿಳಿಯಲು ಅಣ್ಣ ಜಗನ್ ಓದುವುದೂ ಅದೇ ಚಾರ್ಟು. ಸಂಭ್ರಮದಲ್ಲಿ ಹರಿತಾಗೆ ಅದು ಮರೆತೇಹೋಯಿತು.

ಹತ್ತನೇ ತಾರೀಖು ಜಗನ್ ಮಚ್ಚು ಹಿಡಿದು ಚಪ್ಪಲಿ ಕಾಲಲ್ಲೇ ಹುಳುಮನೆಗೆ ನುಗ್ಗಿದ. ಹುಳುಗಳಿಗೆ ರೋಗ ತಗುಲದಿರಲೆಂದು ಬಾಗಿಲ ಬಳಿಯ ಸುಣ್ಣದ ಪುಡಿ ತುಳಿಯದೆ ಯಾರೂ ಒಳಗೆ ಕಾಲಿಡದ ಜಾಗ ಅದು. ಮಧುಸೂದನ ಹರಿತಾಳ ಪಕ್ಕ ಹುಳುಗಳ ತಟ್ಟೆಯ ಮೇಲೆ ಬಗ್ಗಿದ್ದ. ಮಚ್ಚಿನ ಹಿಡಿ ಅವನ ಹಣೆಗೆ ಬಿತ್ತು. ಎರಡನೇ ಏಟಿಗೆ ಬಲ ಮೊಣಕೈ ಮೂಳೆ ಲಟ್ಟೆಂದಿತು. ತಟ್ಟೆಗಳು ಮಗುಚಿ, ಹುಳುಗಳು ಚಪ್ಪಲಿಯಡಿ ಅಪ್ಪಚ್ಚಿಯಾದವು.

"ಕೇರಿಯೋನು ನಮ್ಮನೆ ಅಳಿಯನಾ? ಆ ಕೈಯೇ ತೆಗೀತೀನಿ ಇವತ್ತು!" ಜಗನ್ ಮಚ್ಚನ್ನು ತಿರುಗಿಸಿ ಹಿಡಿದ. ಈಗ ಅಲಗು ಮುಂದಿತ್ತು.

ಹರಿತಾ ನಡುವೆ ನುಗ್ಗಿ ಅಣ್ಣನ ಮಣಿಕಟ್ಟನ್ನು ಕಚ್ಚಿ ಹಿಡಿದಳು. ಬಾಯಿಗೆ ರಕ್ತದ ರುಚಿ ಬಂದರೂ ಬಿಡಲಿಲ್ಲ. ಜಾರಿದ ಮಚ್ಚು ಅವಳ ಭುಜ ಸೀಳಿಕೊಂಡು ಕೆಳಗೆ ಬಿತ್ತು.

"ಮಧುನ್ನೇ ಮದುವೆ ಆಗ್ತೀನಿ ಅಣ್ಣ. ಕೊಲ್ಲೋದಾದ್ರೆ ಮೊದ್ಲು ನನ್ನ ಕೊಲ್ಲು."

ತಂಗಿಯ ರಕ್ತ ಕಂಡು ಜಗನ್ ಗೋಡೆಗೆ ಒರಗಿದ. ಓಡಿಬಂದ ಅಕ್ಕಪಕ್ಕದವರು ಅವನನ್ನು ಹಿಡಿದುಕೊಂಡರು. ಸಂಜೆ ಪೊಲೀಸರಿಗೆ ದೂರು ಕೊಟ್ಟವಳೂ ಹರಿತಾಳೇ. ಬರೆಯುವಾಗ ಅಣ್ಣನಿಗಾಗಿಯೂ ಅತ್ತಳು.

"ನಾಲ್ಕು ದಿನ ಮುಂಚೇನೇ ಮುಗಿಸ್ಬಿಟ್ಟೆ," ಎಂದ ಮಧುಸೂದನ, ಚಿಂತಾಮಣಿಯ ಆಸ್ಪತ್ರೆಯ ಹಾಸಿಗೆಯಲ್ಲಿ. "ಎಷ್ಟು ಹೊಲಿಗೆ?"

"ಏಳು."

ಅವನ ಕಣ್ಣು ತುಂಬಿತು. "ನಾನು ತಾರೀಖು ಕೇಳಲೇಬಾರದಿತ್ತು."

ಹರಿತಾ ನರ್ಸ್ ಹತ್ತಿರ ಪೆನ್ನು ಇಸ್ಕೊಂಡು ಅವನ ಪ್ಲಾಸ್ಟರ್ ಮೇಲೆ ಬರೆದಳು: 'ಜನವರಿ ಹತ್ತೊಂಬತ್ತು. ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ನೋಟಿಸ್.'

"ಈ ಕೈ ಎತ್ತೋಕೂ ಆಗಲ್ಲ ಕಣೇ. ಸೈನ್ ಹೆಂಗೆ ಹಾಕ್ಲಿ?"

"ಎಡಗೈಲಿ. ದಿನಕ್ಕೆ ಹತ್ತು ಸಲ ಪ್ರಾಕ್ಟೀಸ್ ಮಾಡು."

ಅವನು ಎಡಗೈಗೆ ಪೆನ್ನು ತಗೊಂಡು, ಅವಳ ಸಾಲಿನ ಕೆಳಗೆ ಸೊಟ್ಟಸೊಟ್ಟವಾಗಿ ಸಹಿ ಹಾಕಿದ.

"ಇನ್ನೂ ಒಂಬತ್ತು," ಎಂದಳು ಹರಿತಾ.