ಅರಸುಕುಮಾರನ ಕೋಣೆಗೆ ಸುಣ್ಣ ಬಳಿದ ದ್ಯಾಮವ್ವ

ಬಹು ಕಾಲದ ಹಿಂದೆ ಅರಿಶಿನಗಿರಿ ಎಂಬ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಸಿಂಹಾಸನದ ಮೇಲೆ ಕೂತವನ ಎರಡೂ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಅವನು ಅರಸನಲ್ಲ. ಕಾಲ ಕೆಳಗೆ ಮಣೆ ಇಡುವಂತೆಯೂ ಇರಲಿಲ್ಲ.

ಅರಸ ತೀರಿಕೊಂಡಾಗ ಮಗ ಇಂದುಧರ ಎರಡು ವರ್ಷದ ಕೂಸು. ಅವನಿಗೆ ಹತ್ತು ತುಂಬುವ ಯುಗಾದಿಯಂದು ಪಟ್ಟ ಕಟ್ಟುವುದು, ಅಂದು ಪಾದ ತಾಗದಿದ್ದರೆ ರಾಜ್ಯ ಮಂತ್ರಿ ಕುಟಿಲಾಕ್ಷನಿಗೆ ಎಂದು ಸಭೆ ತೀರ್ಮಾನಿಸಿತು. ಕುಟಿಲಾಕ್ಷ ಮಂತ್ರವಾದಿಯೆಂದು ಯಾರಿಗೂ ತಿಳಿದಿರಲಿಲ್ಲ. ಅಂದಿನಿಂದ ಹುಡುಗ ಬೆಳೆಯಲೇ ಇಲ್ಲ. ಮಾತು ಬೆಳೆಯಿತು, ಬುದ್ಧಿ ಬೆಳೆಯಿತು, ಮೈ ಮಾತ್ರ ಎರಡು ವರ್ಷದ್ದೇ. ಒಂಬತ್ತು ದಾಟಿದರೂ ತೊಟ್ಟಿಲಲ್ಲೇ ಮಲಗುತ್ತಿದ್ದ. ವೈದ್ಯರು ಕಷಾಯ ಕುಡಿಸಿ ಕುಡಿಸಿ ಸುಸ್ತಾದರು, ಕುಡಿದ ಹುಡುಗ ಇನ್ನೂ ಸುಸ್ತಾದ.

ಪಟ್ಟದ ಯುಗಾದಿಗೆ ಮೂರು ದಿನ ಇರುವಾಗ ದ್ಯಾಮವ್ವ ಅರಮನೆಗೆ ಬಂದಳು. ಸುಣ್ಣ ಬಳಿಯುವುದು ಅವಳ ಕಸುಬು. ಹಬ್ಬಕ್ಕೆ ಮುಂಚೆ ಅರಸುಕುಮಾರನ ಕೋಣೆಗೆ ಸುಣ್ಣ ಆಗಬೇಕಿತ್ತು, ಪ್ರತಿವರ್ಷ ಬಳಿಯುತ್ತಿದ್ದ ಮುದುಕನಿಗೆ ಸೊಂಟ ಹಿಡಿದಿತ್ತು. ದ್ಯಾಮವ್ವ ಒಳಗೆ ಬಂದವಳೇ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಅಂಗೈಯಗಲದ ಚಕ್ಕೆ ಉದುರಿತು.

"ತಾಯಿ, ಇದನ್ನ ಯಾರೂ ಕೆರದೇ ಇಲ್ರಿ. ಹಳೇದರ ಮ್ಯಾಲೆ ಹೊಸದು ಬಡದು ಬಡದು ಹೋಗ್ಯಾರ. ನಾ ಕೆರದೇ ಬಳಿಯಾಕಿ ನೋಡ್ರಿ," ಎಂದಳು.

"ಕೆರಿಬಾರದು ಅಂತ ಮಂತ್ರಿಗಳ ಅಪ್ಪಣೆ ಐತಿ," ಎಂದಳು ರಾಣಿ ಗಂಗಾಂಬೆ.

ತೊಟ್ಟಿಲೊಳಗಿಂದ ಇಂದುಧರ ತಲೆ ಎತ್ತಿದ. "ಕೆರೀಲಿ ಬಿಡವ್ವಾ. ಈ ಕೋಣಿ ನೋಡಿ ನೋಡಿ ನನಗ ಸಾಕಾಗೇತಿ."

ಮಗನ ಮಾತಿಗೆ ರಾಣಿ ಸೋತಳು. ಅವನನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಳು.

ಸುಣ್ಣ ಬಳಿಯುವ ಮುಂಚೆ ಸಾಮಾನು ಹೊರಗೆ ಹೋಗಬೇಕು. ದ್ಯಾಮವ್ವ ತೊಟ್ಟಿಲಿನತ್ತ ನಡೆದಳು. ಅದರ ಕೆಳಗಿಂದ, ಅಂದಿನವರೆಗೆ ಯಾರ ಕಣ್ಣಿಗೂ ಬೀಳದಿದ್ದ ಒಂದು ಹುಲಿ ಎದ್ದು ನಿಂತಿತು.

"ತೊಟ್ಟಿಲು ಕದಲಿಸಿದವರನ್ನ ತಿನ್ನು ಅಂತ ನನಗ ಹೇಳ್ಯಾರ," ಎಂದಿತು ಹುಲಿ.

ದ್ಯಾಮವ್ವನಿಗೆ ಹುಲಿಯ ಸಂಗಡ ಮಾತಾಡಿ ಗೊತ್ತಿರಲಿಲ್ಲ. ಕೈಗೆ ಮಾತ್ರ ಕೆಲಸ ಗೊತ್ತಿತ್ತು. "ತಿನ್ನೀಯಂತ, ಮೊದಲು ಸುಣ್ಣ ಅರಳಿಸ್ತೀನಿ," ಎಂದು ತಣ್ಣೀರಿನ ಗಡಿಗೆಗೆ ಸುಣ್ಣದ ಕಲ್ಲು ಹಾಕಿದಳು. ನೀರು ಕೊತಕೊತ ಕುದಿಯಿತು. ಹಬೆ ಛಾವಣಿಗೆ ಮುಟ್ಟಿತು.

"ಒಲಿ ಎಲ್ಲೈತಿ?" ಹುಲಿ ಹಿಂದೆ ಸರಿಯಿತು.

"ಒಲಿ ಇಲ್ಲ."

"ಬೆಂಕಿ?"

"ಬೆಂಕೀನೂ ಇಲ್ಲ."

"ಬೆಂಕಿ ಇಲ್ಲದ ನೀರು ಕುದಿಸಾಕಿ ನನ್ನ ಹೊಟ್ಯಾಗ ಬಂದರ ನನ್ನ ಗತಿ ಏನು!" ಎಂದು ಹುಲಿ ಬಾಗಿಲ ಕಡೆ ನೆಗೆಯಿತು. ಬಾಲ ತೊಟ್ಟಿಲಿನ ಸರಪಳಿಗೆ ಸಿಕ್ಕಿ, ತೊಟ್ಟಿಲನ್ನೂ ಎಳೆದುಕೊಂಡೇ ಓಡಿತು.

ಕೆರೆಯಲು ಬೆಳಕು ಬೇಕಿತ್ತು. ದ್ಯಾಮವ್ವ ಎಂಟು ವರ್ಷದಿಂದ ಮುಚ್ಚಿದ್ದ ಕಿಟಕಿಗೆ ಹೋದಳು. ಚಿಲಕಕ್ಕೆ ಒಂದು ಹಾವು ಸುತ್ತಿಕೊಂಡಿತ್ತು. ಅದು ಬುಸುಗುಟ್ಟಿತು, ಆದರೆ ಆ ಬುಸುಗುಟ್ಟುವಿಕೆಯಲ್ಲಿ ಜೀವವಿರಲಿಲ್ಲ.

"ಯಾಕೋ, ಮೈಯಾಗ ಆರಾಮಿಲ್ಲೇನು?" ಎಂದಳು ದ್ಯಾಮವ್ವ.

"ಪೊರೆ ಬಿಟ್ಟು ಎಂಟು ವರ್ಷ ಆತು. ಈ ನುಣ್ಣನೆ ಕೋಣ್ಯಾಗ ಮೈ ಉಜ್ಜಾಕ ಒಂದು ಒರಟು ಕಲ್ಲಿಲ್ಲ," ಎಂದಿತು ಹಾವು.

ಅವಳು ಕತ್ತಾಳೆ ನಾರಿನ ಕುಂಚವನ್ನು ಮುಂದೆ ಹಿಡಿದಳು. ಹಾವು ಅದಕ್ಕೆ ಮೈ ಉಜ್ಜಿ ಉಜ್ಜಿ ಪೊರೆ ಕಳಚಿ, ಚಿಲಕ ಬಿಟ್ಟು ಇಳಿಯಿತು. ಹೋಗುವಾಗ ನಿಂತು ಹೇಳಿತು: "ನನ್ನನ್ನ, ಹುಲಿಯನ್ನ, ಆ ಕೂಸನ್ನ ಕಟ್ಟಿ ಹಾಕಿದ ಮಂತ್ರ ಅಗೋ, ಆ ಕೈಗುರುತಿನ ಕೆಳಗೈತಿ."

ಕಿಟಕಿ ತೆರೆಯಿತು. ಬಿಸಿಲು ನೇರ ಎದುರು ಗೋಡೆಗೆ ಬಿತ್ತು. ಅಲ್ಲಿ ಕೆಮ್ಮಣ್ಣಿನ ಒಂದು ಪುಟ್ಟ ಅಂಗೈ ಗುರುತು. ಎರಡು ತುಂಬಿದ ದಿನ ಅರಸನೇ ಮಗನ ಕೈ ಹಿಡಿದು ಒತ್ತಿಸಿದ್ದು. ಅದಾದ ಎಂಟು ದಿನಕ್ಕೆ ಅರಸ ತೀರಿಕೊಂಡಿದ್ದ. ಗುರುತಿನ ಸುತ್ತ ಸುಣ್ಣ ಬೆರಳಿನಷ್ಟು ದಪ್ಪವಾಗಿತ್ತು. ಗುರುತನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮುಟ್ಟುವ ಮನಸ್ಸಾದರೂ ಯಾರಿಗೆ ಬಂದೀತು?

ಅಷ್ಟರಲ್ಲಿ, ತೊಟ್ಟಿಲು ಎಳೆದುಕೊಂಡು ಓಡಿದ ಹುಲಿಯನ್ನು ಕಂಡು ಕುಟಿಲಾಕ್ಷ ಓಡಿ ಬಂದ. "ಮಹಾರಾಣಿ, ಗಂಡ ಒತ್ತಿಸಿದ ಗುರುತು! ಇದನ್ನ ಕೆರದರ ಮತ್ತ ಸಿಗತೈತೇನು?"

ರಾಣಿಯ ಕಣ್ಣು ತುಂಬಿತು. ದ್ಯಾಮವ್ವ ಕೆರೆಯಲು ಎತ್ತಿದ ಉಳಿಯನ್ನು ಇಳಿಸಿ ರಾಣಿಯತ್ತ ತಿರುಗಿದಳು. 

ಇಂದುಧರ ತಾಯಿಯ ಕೆನ್ನೆ ಮೇಲೆ ಕೈ ಇಟ್ಟ. "ಅವ್ವಾ, ಅದು ಗುರುತು. ಕೈ ಇಲ್ಲೈತಿ."

ರಾಣಿ ಆ ಕೈಗೆ ಮುತ್ತಿಟ್ಟಳು. ಮಗನನ್ನು ದ್ಯಾಮವ್ವನ ತೋಳಿಗೆ ಕೊಟ್ಟು, ಅವಳ ಕೈಯ ಉಳಿ ಇಸಿದುಕೊಂಡು, ತಾನೇ ಗೋಡೆ ಕೆರೆಯತೊಡಗಿದಳು. ಅಳುತ್ತಲೇ ಕೆರೆದಳು. ಕೆಮ್ಮಣ್ಣು ಉದುರಿತು, ಅದರಡಿ ಕುಟಿಲಾಕ್ಷ ಮೊದಲೇ ಕರಿ ಮಸಿಯಲ್ಲಿ ಬರೆದು ಸುಣ್ಣದಿಂದ ಮುಚ್ಚಿದ್ದ ಮಂತ್ರ ಕಂಡಿತು. ಒಂದೊಂದು ಅಕ್ಷರ ಉದುರಿದಂತೆ ಕುಟಿಲಾಕ್ಷ ಒಂದೊಂದು ಗೇಣು ಕುಗ್ಗಿದ, ಹುಡುಗ ತೋಳಿನಲ್ಲಿ ಭಾರವಾಗುತ್ತ ಹೋದ.

"ತಾಯೀ, ಇನ್ನ ನನ್ನ ಕೈಲೆ ಆಗವಲ್ದು!" ಎಂದು ದ್ಯಾಮವ್ವ ಅವನನ್ನು ಕೆಳಗಿಳಿಸಿದಳು. ಹತ್ತು ವರ್ಷದ ಹುಡುಗ ಹರಿದ ಅಂಗಿಯಲ್ಲಿ ನಿಂತಿದ್ದ. ಇರುವೆಯಷ್ಟಾದ ಕುಟಿಲಾಕ್ಷನನ್ನು ಕೆರೆದ ಪುಡಿಯ ಜೊತೆ ಗುಡಿಸಿ ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದರು.

ಎರಡು ದಿನದಲ್ಲಿ ಗೋಡೆಗೆ ನೀಲಿ ಬೆರೆಸಿದ ಸುಣ್ಣವಾಯಿತು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಬಂತು, ಕಿಟಕಿಯ ಪಕ್ಕ ಹೊಸ ಮಂಚ ಬಿತ್ತು. ಯುಗಾದಿಯಂದು ಇಂದುಧರ ಸಿಂಹಾಸನದಲ್ಲಿ ಕೂತ, ಎರಡೂ ಪಾದ ನೆಲಕ್ಕೆ ತಾಗಿದವು. ಅವನ ಆಳ್ವಿಕೆಯಲ್ಲಿ ಊರೂ ಕೇರಿಯೂ ಸುಖವಾಗಿದ್ದವು. ದ್ಯಾಮವ್ವ ಪ್ರತಿವರ್ಷ ಬಂದು ಕೋಣೆ ಕೆರೆದೇ ಬಳಿದಳು.

ಪಟ್ಟವಾದ ದಿನ ಮಗ ಸಿಂಹಾಸನದಿಂದ ಏಳುತ್ತಲೇ ರಾಣಿ ಎಂದಿನಂತೆ ಅವನನ್ನು ಎತ್ತಿಕೊಳ್ಳಲು ಬಗ್ಗಿದಳು. ಎತ್ತಲಾಗಲಿಲ್ಲ. ಮತ್ತೊಮ್ಮೆ ಬಗ್ಗಿದಳು, ಆಗಲೂ ಆಗಲಿಲ್ಲ. ತುಂಬಿದ ಸಭೆಯಲ್ಲಿ ಅವಳು ಹೊಟ್ಟೆ ತುಂಬ ನಕ್ಕಳು.